‘ಕಣ್ಣು ಮಂಜು’ ಎಂದು ಬರುವ ಹಿರಿಯರಲ್ಲಿ ಯಾರನ್ನು ಇವತ್ತೇ ಕಳಿಸಬೇಕು, ಯಾರು ಕಾಯಬಹುದು?

ಉಪಕೇಂದ್ರ_ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ, ಪ್ರಶ್ನೆ)

ಹಳ್ಳಿಯ ಉಪಕೇಂದ್ರಕ್ಕೆ ಬರುವ 60 ದಾಟಿದವರ ಕಣ್ಣಿನ ದೂರು ಬಹುತೇಕ ಒಂದೇ ಮಾತಿನದು: “ಕಣ್ಣು ಮಂಜಾಗಿದೆ.” ಎಲ್ಲರ ಚೀಟಿಯಲ್ಲೂ “ಪೊರೆ” ಎಂದು ಬರೆದು ಶಿಬಿರಕ್ಕೆ ಕಳಿಸುವುದು ರೂಢಿ. ಅವರಲ್ಲಿ ಕೆಲವರು ಆಪರೇಷನ್ ಆದಮೇಲೂ ಕಾಣಿಸುತ್ತಿಲ್ಲ ಎನ್ನುತ್ತಾರೆ. ಊರಲ್ಲಿ ಆ ಸುದ್ದಿ ಹಬ್ಬಿದರೆ, ನಿಜವಾಗಿ ಪೊರೆ ಇರುವವರೂ ಹೋಗಲು ಒಪ್ಪುವುದಿಲ್ಲ.

ಇಲ್ಲಿರುವುದು 6 ಮೀಟರ್ ಚಾರ್ಟು, ಟಾರ್ಚು, ಪಿನ್‌ಹೋಲ್ (ಸಣ್ಣ ತೂತಿನ ಮೂಲಕ ನೋಡಿಸುವ ಬಿಲ್ಲೆ), ಬಿಪಿ ಮತ್ತು ಶುಗರ್ ನೋಡುವ ಯಂತ್ರ. ಕಣ್ಣಿನ ಒಳಭಾಗ ನೋಡುವ ಉಪಕರಣ ಇಲ್ಲ. ಇಷ್ಟರಲ್ಲೇ ಯಾರಿಗೆ ಪೊರೆ, ಯಾರಿಗೆ ಬೇರೆ ಕಾರಣ ಎಂದು ಎಷ್ಟರಮಟ್ಟಿಗೆ ಬೇರ್ಪಡಿಸಬಹುದು? ಯಾರನ್ನು ಅದೇ ದಿನ ಕಳಿಸಬೇಕು? ಆಪರೇಷನ್ ಆದವರಲ್ಲಿ, ಡ್ರಾಪ್ಸ್ ಹಾಕುವವರಲ್ಲಿ ಏನನ್ನು ಗಮನಿಸಬೇಕು? ತಿಳಿದವರು ವಿವರವಾಗಿ ಬರೆದರೆ ಆಶಾ ಕಾರ್ಯಕರ್ತೆಯರಿಗೂ ಹೇಳಿಕೊಡಬಹುದು.

---

ನೇತ್ರಾಧಿಕಾರಿ_ತಾಲ್ಲೂಕು

ಮೇಡಂ, ನಿಮ್ಮ ಹತ್ತಿರ ಇರುವ ಸಾಮಾನು ಸಾಕು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ 50 ದಾಟಿದವರ ಕುರುಡಿನಲ್ಲಿ ಮೂರನೇ ಎರಡು ಪಾಲಿಗೆ ಕಾರಣ ಪೊರೆ. ಹಾಗಾಗಿ ಕಣ್ಣು ಮುಚ್ಚಿಕೊಂಡು “ಪೊರೆ” ಎಂದು ಬರೆದರೂ ಹೆಚ್ಚಿನ ಸಲ ಸರಿಹೋಗುತ್ತದೆ. ಎಡವಟ್ಟಾಗುವುದು ಉಳಿದ ಒಂದು ಪಾಲಿನಲ್ಲಿ. ಸಾಮಾನ್ಯ ಪೊರೆ ಕೆಲವು ತಿಂಗಳು ಕಾದರೂ ತೆಗೆದಮೇಲೆ ದೃಷ್ಟಿ ಬರುತ್ತದೆ. ಗ್ಲಾಕೋಮಾದಲ್ಲಿ (ಕಣ್ಣಿನ ನರ ಸವೆಯುವ ಕಾಯಿಲೆ) ಹೋದ ದೃಷ್ಟಿ ವಾಪಸ್ ಬರುವುದೇ ಇಲ್ಲ, ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರ) ಕಾಯಿಲೆಯಲ್ಲಿ ತಡವಾದಷ್ಟೂ ಬರುವುದು ಕಡಿಮೆ.

ಮೊದಲು ಮೂರು ವಿಷಯ ಕೇಳಿ. ಒಂದು ಕಣ್ಣೋ ಎರಡೂ ಕಣ್ಣೋ? ಎಷ್ಟು ದಿನದಿಂದ? ನೋಟದ ಯಾವ ಭಾಗ ಕಾಣುತ್ತಿಲ್ಲ? ಮೂರನೆಯದಕ್ಕೆ ನೇರ ಉತ್ತರ ಸಿಗುವುದಿಲ್ಲ, ಸುತ್ತಿ ಕೇಳಬೇಕು. ಎದುರಿಗೆ ನಿಂತವರ ಮುಖ ಗುರುತು ಸಿಗುತ್ತದೆಯೇ? ಅಕ್ಕಿಯಲ್ಲಿ ಕಲ್ಲು ಆರಿಸಲು ಆಗುತ್ತದೆಯೇ? ನಡೆಯುವಾಗ ಬಾಗಿಲ ಚೌಕಟ್ಟು, ಪಕ್ಕದಲ್ಲಿ ಬಂದ ದನ ಮೈಗೆ ತಾಗುತ್ತವೆಯೇ? ನಡಿಗೆ ಸರಾಗ, ಆದರೆ ಮುಖ ತಿಳಿಯುವುದಿಲ್ಲ ಎಂದರೆ ರೆಟಿನಾದ ನಡುಭಾಗ, ಅಂದರೆ ಮ್ಯಾಕ್ಯುಲಾ ಕೆಟ್ಟಿರಬಹುದು. ಮುಖ ಚೆನ್ನಾಗಿ ಕಾಣುತ್ತದೆ, ಪಕ್ಕದ್ದೆಲ್ಲ ತಾಗುತ್ತದೆ ಎಂದರೆ ಗ್ಲಾಕೋಮಾ ಅನುಮಾನಿಸಿ. ಇಡೀ ನೋಟವೇ ಮಸುಕು, ಬಿಸಿಲಲ್ಲಿ ಅಥವಾ ಎದುರು ಬರುವ ಗಾಡಿಯ ಲೈಟಿಗೆ ಇನ್ನೂ ಕೆಡುತ್ತದೆ ಎಂದರೆ ಪೊರೆಯ ಲಕ್ಷಣ.

ಆಮೇಲೆ ಚಾರ್ಟು. ಒಂದೊಂದೇ ಕಣ್ಣು ಪರೀಕ್ಷಿಸಿ, ದೂರದ ಕನ್ನಡಕ ಇದ್ದರೆ ಅದನ್ನು ಹಾಕಿಸಿಯೇ. ಮುಚ್ಚುವ ಕಣ್ಣಿಗೆ ಅಂಗೈ ಬಟ್ಟಲು ಮಾಡಿ ಹಿಡಿಯಲು ಹೇಳಿ. ಬೆರಳಿಂದ ಅದುಮಿದರೆ ಆ ಕಣ್ಣು ಸ್ವಲ್ಪ ಹೊತ್ತು ಮಂಜಾಗಿ ಮುಂದಿನ ಲೆಕ್ಕ ತಪ್ಪುತ್ತದೆ. ಬೆರಳ ಸಂದಿಯಿಂದ ಕದ್ದು ನೋಡುವುದೂ ಉಂಟು. 6/18ಕ್ಕಿಂತ (ಒಳ್ಳೆಯ ಕಣ್ಣು 18 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವುದು) ಕಡಿಮೆ ಬಂದರೆ ಪಿನ್‌ಹೋಲ್ ಕೊಟ್ಟು ಮತ್ತೆ ಓದಿಸಿ. ಪಿನ್‌ಹೋಲ್‌ನಲ್ಲಿ ಎರಡು ಸಾಲು ಹೆಚ್ಚು ಓದಿದರೆ ಬಹುಪಾಲು ಕನ್ನಡಕದ ವಿಷಯ. ಏನೂ ಹೆಚ್ಚದಿದ್ದರೆ, ಇನ್ನೂ ಕಡಿಮೆಯಾದರೆ, ಅದು ಪೊರೆಯೋ ರೆಟಿನಾವೋ ನರವೋ ಆಗಿರಬೇಕು.

ಅದನ್ನು ಬಿಡಿಸುವುದು ಟಾರ್ಚು. ಕೋಣೆ ಸ್ವಲ್ಪ ಕತ್ತಲೆ ಮಾಡಿ, ರೋಗಿ ದೂರದ ಗೋಡೆ ನೋಡುತ್ತಿರಲಿ.

ಒಂದು: ಪಾಪೆಯ ಬಣ್ಣ. ಬೂದು, ಬಿಳಿ ಅಥವಾ ಕಂದು ಹೊಳಪು ಕಂಡರೆ ಪೊರೆ ಇದೆ. ಪಾಪೆ ಕಪ್ಪಗಿದ್ದು ದೃಷ್ಟಿ ಮಾತ್ರ 6/60 ಇದ್ದರೆ ದಯವಿಟ್ಟು “ಪೊರೆ” ಎಂದು ಬರೆಯಬೇಡಿ.

ಎರಡು: ಬೆಳಕನ್ನು ಒಂದು ಕಣ್ಣಿಗೆ ಎರಡು ಮೂರು ಸೆಕೆಂಡ್ ಹಿಡಿದು, ಚಕ್ಕನೆ ಇನ್ನೊಂದಕ್ಕೆ ತನ್ನಿ, ಮತ್ತೆ ಮೊದಲಿನದಕ್ಕೆ. ಹೀಗೆ ನಾಲ್ಕೈದು ಸಲ. ಬೆಳಕು ಬಿದ್ದ ಕಣ್ಣಿನ ಪಾಪೆ ಕುಗ್ಗುವ ಬದಲು ಹಿಗ್ಗಿದರೆ ಆ ಕಣ್ಣಿನ ನರ ಅಥವಾ ರೆಟಿನಾ ಕೆಟ್ಟಿದೆ. ಪೊರೆ ಎಷ್ಟೇ ದಪ್ಪವಿದ್ದರೂ ಪಾಪೆ ಹೀಗೆ ಹಿಗ್ಗುವುದಿಲ್ಲ. ಆಪರೇಷನ್ ಆದಮೇಲೂ ಕಾಣದೆ ಹೋದವರಲ್ಲಿ ಹಲವರನ್ನು ಈ ಒಂದು ಪರೀಕ್ಷೆ ಮೊದಲೇ ತೋರಿಸಿಕೊಡುತ್ತಿತ್ತು. ಎರಡೂ ಕಣ್ಣು ಸಮನಾಗಿ ಕೆಟ್ಟಿದ್ದರೆ ಮಾತ್ರ ಇದರಿಂದ ತಿಳಿಯುವುದಿಲ್ಲ, ನೆನಪಿರಲಿ.

ಮೂರು: ಪೂರ್ತಿ ಬಿಳಿಯಾದ ಪೊರೆ ಇರುವವರಿಗೆ ಇನ್ನೊಂದು ಕಣ್ಣನ್ನು ಚೆನ್ನಾಗಿ ಮುಚ್ಚಿಸಿ, ಟಾರ್ಚನ್ನು ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ ಹಿಡಿದು ಬೆಳಕು ಎತ್ತಲಿಂದ ಬರುತ್ತಿದೆ ಎಂದು ಕೇಳಿ. ನಾಲ್ಕೂ ಸರಿ ಹೇಳಬೇಕು. ತಪ್ಪಿದರೆ ಹಾಗೆಯೇ ಬರೆದು ಕಳಿಸಿ. ಪೊರೆ ತೆಗೆದರೂ ದೃಷ್ಟಿ ಪೂರ್ತಿ ಬರಲಿಕ್ಕಿಲ್ಲ ಎಂದು ಮನೆಯವರಿಗೆ ಮೊದಲೇ ತಿಳಿದಿರುತ್ತದೆ.

ಅದೇ ದಿನ ಕಳಿಸಬೇಕಾದವರು:

– ಇದ್ದಕ್ಕಿದ್ದಂತೆ ಒಂದು ಕಣ್ಣು ನೋವಿಲ್ಲದೆ ಕತ್ತಲಾದವರು. ರೆಟಿನಾದ ರಕ್ತನಾಳ ಕಟ್ಟಿಕೊಂಡಿರಬಹುದು, ಅದು ಕಣ್ಣಿನ ಪಾರ್ಶ್ವವಾಯು ಇದ್ದಂತೆ. ಪಾರ್ಶ್ವವಾಯುವಿಗೆ ಚಿಕಿತ್ಸೆ ಇರುವ ಆಸ್ಪತ್ರೆಗೇ ಹೋಗಲಿ. ಕೆಲವು ನಿಮಿಷ ಕತ್ತಲಾಗಿ ತಿಳಿಯಾದವರೂ ಇದೇ ಗುಂಪು.
– ಕಣ್ಣು ಕೆಂಪಾಗಿ ವಿಪರೀತ ನೋವು, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ಪಾಪೆ ಅರ್ಧ ಹಿಗ್ಗಿ ನಿಂತಿರುತ್ತದೆ. ಗ್ಯಾಸ್ಟ್ರಿಕ್ ಎಂದೋ ಅರೆತಲೆನೋವು ಎಂದೋ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸುವುದು ಇಂಥವರನ್ನೇ.
– ಮಿಂಚು ಹೊಡೆದಂತೆ ಕಾಣುವುದು, ಒಮ್ಮೆಗೇ ಕಪ್ಪು ಚುಕ್ಕಿಗಳು ಉದುರುವುದು, ಒಂದು ಬದಿಯಿಂದ ಪರದೆ ಇಳಿದಂತಾಗುವುದು. ರೆಟಿನಾ ಕಳಚುತ್ತಿರಬಹುದು. ನಡುಭಾಗ ಇನ್ನೂ ಅಂಟಿಕೊಂಡಿರುವಾಗ ಆಪರೇಷನ್ ಆದರೆ ಓದುವ ದೃಷ್ಟಿ ಉಳಿಯುತ್ತದೆ.
– ಪೊರೆ ಆಪರೇಷನ್ ಆದವರಲ್ಲಿ ನೋವು ಹೆಚ್ಚುತ್ತಾ, ದೃಷ್ಟಿ ಇಳಿಯುತ್ತಾ ಹೋಗುವುದು.
– ಭತ್ತದ ಹೊಟ್ಟು, ಕಬ್ಬಿನ ಗರಿ, ಜೋಳದ ರವುದಿ ತಾಗಿ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಎದ್ದವರು. ಅದು ಬಹುಪಾಲು ಶಿಲೀಂಧ್ರದ ಹುಣ್ಣು. ನಂದಿಬಟ್ಟಲ ರಸ, ಜೇನುತುಪ್ಪ, ಎದೆಹಾಲು ಹಾಕಿಸಿಕೊಂಡು ತಡವಾಗಿ ಬರುತ್ತಾರೆ. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿಯುತ್ತದೆ.

ಗೆರೆ ಸೊಟ್ಟ ಕಾಣುವವರು, ಶುಗರ್ ಇದ್ದು ಹೊಸದಾಗಿ ಕಪ್ಪು ಎಳೆ ತೇಲುವವರು ಒಂದೆರಡು ದಿನದಲ್ಲಿ ಹೋಗಬೇಕು. ನಿಧಾನವಾಗಿ ಮಂಜಾದ, ನೋವಿಲ್ಲದ, ಪಾಪೆ ಬೂದಾಗಿರುವವರು ಮುಂದಿನ ಶಿಬಿರದವರೆಗೆ ಕಾಯಬಹುದು.

---

ಹಳೇಹುಬ್ಬಳ್ಳಿ

ಒಂದ್ ಮಾತ್ ಕೇಳ್ತೀನ್ರಿ. ಪೊರಿ ಪೂರ್ತಿ ಹಣ್ಣಾದ ಮ್ಯಾಲೆ ತಗಸಿದ್ರ ಛಲೋ ಅಂತ ಹಿಂದಿನ ಡಾಕ್ಟರೇ ಹೇಳ್ತಿದ್ರಲ್ರಿ? ಈಗ ಯಾಕ ಕಾಯಬ್ಯಾಡ ಅಂತಾರ?

---

ಪೊರೆ_ಸರ್ಜನ್

ಹಿಂದಿನವರು ಹೇಳಿದ್ದು ಅವತ್ತಿಗೆ ಸರಿಯಾಗಿತ್ತು. ಆಗ ಪೊರೆ ಕಟ್ಟಿದ ಕಣ್ಣಿನ ಲೆನ್ಸನ್ನು ಅದರ ಚೀಲದ ಸಮೇತ ಇಡಿಯಾಗಿ ತೆಗೆಯುತ್ತಿದ್ದರು, ಒಳಗೆ ಬೇರೆ ಲೆನ್ಸ್ ಇಡುತ್ತಿರಲಿಲ್ಲ. ಆಮೇಲೆ +10 ಪವರಿನ ದಪ್ಪ ಕನ್ನಡಕ. ಅದರಲ್ಲಿ ಎಲ್ಲವೂ ದೊಡ್ಡದಾಗಿ, ಬಾಗಿದಂತೆ ಕಾಣುತ್ತಿತ್ತು. ಸ್ವಲ್ಪವಾದರೂ ಕಾಣುವ ಕಣ್ಣನ್ನು ಆ ಸ್ಥಿತಿಗೆ ತರುವುದಕ್ಕಿಂತ ಪೂರ್ತಿ ಬಲಿಯಲಿ ಎಂದು ಕಾಯುವುದೇ ಜಾಣತನ. ಈಗ ಚೀಲ ಉಳಿಸಿಕೊಂಡು ಒಳಗೇ ಲೆನ್ಸ್ ಕೂರಿಸುವುದರಿಂದ ಆ ಲೆಕ್ಕ ತಲೆಕೆಳಗಾಗಿದೆ. ಬಲಿತಷ್ಟೂ ಲೆನ್ಸ್ ಕಲ್ಲಾಗುತ್ತದೆ, ಒಡೆಯಲು ಹೆಚ್ಚು ಶಕ್ತಿ ಬೇಕು, ಕಾರ್ನಿಯಾಕ್ಕೆ (ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರ) ಪೆಟ್ಟು ಹೆಚ್ಚು. ಇನ್ನೂ ಬಿಟ್ಟರೆ ಲೆನ್ಸ್ ಊದಿಕೊಂಡು ಅಥವಾ ಸೋರಿ ಕಣ್ಣಿನ ಒತ್ತಡ ಏರುತ್ತದೆ. ಆಗ ಪೊರೆಯೂ ತುರ್ತು ಪರಿಸ್ಥಿತಿಯೇ.

ಯಾವಾಗ ಮಾಡಿಸಬೇಕು ಎಂಬುದಕ್ಕೆ ಚಾರ್ಟಿನ ಸಂಖ್ಯೆ ಒಂದೇ ಅಳತೆ ಅಲ್ಲ. ಹೊಲ ನೋಡಿಕೊಳ್ಳುವವರಿಗೆ, ರಾತ್ರಿ ಗಾಡಿ ಓಡಿಸುವವರಿಗೆ, ಮೆಟ್ಟಿಲಲ್ಲಿ ಎಡವುವವರಿಗೆ ಅಗತ್ಯ ಬೇರೆ ಬೇರೆ. ದಿನದ ಕೆಲಸ ಕೆಡುತ್ತಿದ್ದರೆ ಸಮಯ ಬಂದಿದೆ.

ಪೊರೆಯಲ್ಲೂ ಬಗೆಗಳಿವೆ. ನಡುಭಾಗ ಗಟ್ಟಿಯಾಗುವ ಪೊರೆಯಲ್ಲಿ ಕಣ್ಣಿಗೆ ಮೈನಸ್ ಪವರ್ ಬರುತ್ತದೆ. 65ರಲ್ಲಿ ಒಮ್ಮೆಲೇ “ಚಾಳೀಸು ಬೇಡವೇ ಬೇಡ, ಪೇಪರ್ ಓದುತ್ತೇನೆ” ಎಂದು ಹಿಗ್ಗುವವರು ಈ ಗುಂಪು. ಕಣ್ಣು ಸುಧಾರಿಸಿಲ್ಲ, ಪೊರೆ ಶುರುವಾಗಿದೆ. ಇಂಥವರಿಗೆ ಅಂಗಡಿಯಲ್ಲಿ ಆರಾರು ತಿಂಗಳಿಗೆ ಹೊಸ ನಂಬರಿನ ಕನ್ನಡಕ ಮಾಡಿಕೊಡುತ್ತಲೇ ಇರುತ್ತಾರೆ. ಲೆನ್ಸಿನ ಹಿಂಭಾಗದಲ್ಲಿ ಕಟ್ಟುವ ಪೊರೆ ಬೇರೆಯದು: ಬಿಸಿಲಲ್ಲಿ ಕುರುಡು, ಮಬ್ಬು ಬೆಳಕಲ್ಲಿ ವಾಸಿ, ಓದುವುದಂತೂ ತೀರಾ ಕಷ್ಟ. ಶುಗರ್ ಇರುವವರಲ್ಲಿ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚು, ಬೇಗ ಬೆಳೆಯುತ್ತದೆ. ಟಾರ್ಚಿಗೆ ಪಾಪೆ ಅಷ್ಟಾಗಿ ಬೂದಾಗಿ ಕಾಣದೆ ಇರಬಹುದು.

ವಿಧಾನದ ಬಗ್ಗೆ ಊರಲ್ಲಿ ಬಹಳ ಚರ್ಚೆ. ಫೇಕೋದಲ್ಲಿ (ಪೊರೆಯನ್ನು ಒಳಗೇ ಒಡೆದು ತೆಗೆಯುವ ವಿಧಾನ) ಗಾಯ ಸುಮಾರು 2.2ರಿಂದ 2.8 ಮಿಲಿಮೀಟರ್, ಮಡಚುವ ಲೆನ್ಸ್. ಶಿಬಿರಗಳಲ್ಲಿ ಹೆಚ್ಚಾಗಿ ಮಾಡುವ ಹೊಲಿಗೆ ಇಲ್ಲದ ಸಣ್ಣ ಗಾಯದ ಶಸ್ತ್ರಕ್ರಿಯೆಯಲ್ಲಿ 6ರಿಂದ 7 ಮಿಲಿಮೀಟರ್, ಮಡಚದ ಲೆನ್ಸೂ ಹೋಗುತ್ತದೆ. ಎರಡನೆಯದರಲ್ಲಿ ಸ್ವಲ್ಪ ಸಿಲಿಂಡರ್ ನಂಬರ್ ಉಳಿಯಬಹುದು, ಮಾಗಲು ತುಸು ಹೆಚ್ಚು ದಿನ ಬೇಕು. ಆದರೆ ಕಲ್ಲಿನಂತೆ ಬಲಿತ ಕಂದು ಪೊರೆಗೆ ಅನೇಕ ಸಲ ಅದೇ ಸುರಕ್ಷಿತ. “ಲೇಸರ್ ಅಲ್ಲ, ಹಾಗಾಗಿ ಕಳಪೆ” ಎನ್ನುವುದನ್ನು ನಾನು ಒಪ್ಪುವುದಿಲ್ಲ. ಫೇಕೋ ಕೂಡ ಲೇಸರ್ ಅಲ್ಲ, ಅದು ಅಲ್ಟ್ರಾಸೌಂಡ್.

ಆಪರೇಷನ್ ಸರಿಯಾಗಿದ್ದೂ ಮಂಜು ಉಳಿಯಲು ಒಂದು ಸಾಮಾನ್ಯ ಕಾರಣ ಲೆನ್ಸ್ ಪವರಿನ ಅಳತೆ. ಕಣ್ಣಿನ ಉದ್ದವನ್ನು ಅಳೆಯುವಾಗ ಪ್ರೋಬ್ ಅನ್ನು ಕಾರ್ನಿಯಾದ ಮೇಲೆ ಅದುಮಿದರೆ ಉದ್ದ ಕಡಿಮೆ ಬರುತ್ತದೆ. 1 ಮಿಲಿಮೀಟರ್ ತಪ್ಪಿದರೆ ಕನ್ನಡಕದ ನಂಬರಿನಲ್ಲಿ ಎರಡೂವರೆಯಿಂದ ಮೂರರಷ್ಟು ವ್ಯತ್ಯಾಸ. ಇಂಥವರಿಗೆ ಪಿನ್‌ಹೋಲ್ ಕೊಟ್ಟರೆ ಚೆನ್ನಾಗಿ ಓದುತ್ತಾರೆ, ಕನ್ನಡಕ ಕೊಟ್ಟರೆ ಮುಗಿಯಿತು. ಅದನ್ನು “ಆಪರೇಷನ್ ಫೇಲ್” ಎನ್ನಬೇಡಿ.

ಹೋಗುವ ಮುನ್ನ ನೀವು ನೋಡಿಡಬಹುದಾದದ್ದು: ಶುಗರ್, ಬಿಪಿ ಹತೋಟಿಯಲ್ಲಿದೆಯೇ, ಹಲ್ಲಿನ ಕೀವು, ಕಾಲಿನ ಹುಣ್ಣು ಇದೆಯೇ. ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯ ಕೆಳಗೆ ಬೆರಳಿಂದ ಒತ್ತಿ. ಕಣ್ಣೀರಿನ ರಂಧ್ರದಿಂದ ಕೀವು ಬಂದರೆ ಆ ಕಣ್ಣಿಗೆ ಸದ್ಯ ಆಪರೇಷನ್ ಮಾಡುವುದಿಲ್ಲ, ಮೊದಲು ಅದಕ್ಕೆ ಚಿಕಿತ್ಸೆ. ಗಂಡಸರಿಗೆ ಪ್ರಾಸ್ಟೇಟ್ ಮಾತ್ರೆ, ಮುಖ್ಯವಾಗಿ ಟ್ಯಾಮ್ಸುಲೋಸಿನ್, ಯಾವಾಗಲಾದರೂ ತೆಗೆದುಕೊಂಡಿದ್ದಾರೆಯೇ ಎಂದು ಕೇಳಿ ಬರೆಯಿರಿ, ನಿಲ್ಲಿಸಿದ್ದರೂ ಬರೆಯಿರಿ. ಆ ಮಾತ್ರೆಯಿಂದ ಪಾಪೆಯ ಪರದೆ ಸಡಿಲವಾಗಿ ಶಸ್ತ್ರಕ್ರಿಯೆಯ ನಡುವೆ ಅಲೆಯುತ್ತದೆ. ಗೊತ್ತಿದ್ದರೆ ಸರ್ಜನ್ ತಯಾರಾಗಿರುತ್ತಾರೆ. ರಕ್ತ ತೆಳು ಮಾಡುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿಕೊಂಡು ಬರಬಾರದು.

ಆದಮೇಲೆ: ಮೊದಲೆರಡು ದಿನ ಮರಳು ಬಿದ್ದಂತೆ ಚುಚ್ಚುವುದು, ನೀರು ಬರುವುದು ಸಹಜ. ದಿನದಿಂದ ದಿನಕ್ಕೆ ವಾಸಿಯಾಗುತ್ತಾ ಬರಬೇಕು. ಮೂರನೇ ದಿನಕ್ಕೆ ಎರಡನೇ ದಿನಕ್ಕಿಂತ ನೋವು, ಕೆಂಪು, ಮಂಜು ಹೆಚ್ಚಾದರೆ ಕಣ್ಣಿನೊಳಗೆ ಸೋಂಕು ಎಂದೇ ತಿಳಿಯಿರಿ. ಹೆಚ್ಚಾಗಿ ಮೊದಲ ವಾರದಲ್ಲೇ ಬರುತ್ತದೆ, ಕಣ್ಣೊಳಗೇ ಔಷಧ ಚುಚ್ಚಬೇಕಾಗುತ್ತದೆ. “ನಾಳೆ ನೋಡೋಣ” ಎಂದರೆ ಕಣ್ಣು ಹೋಗುತ್ತದೆ. ಸ್ಟೀರಾಯ್ಡ್ ಡ್ರಾಪ್ಸನ್ನು ನಾಲ್ಕರಿಂದ ಆರು ವಾರ ಹಂತಹಂತವಾಗಿ ಇಳಿಸುತ್ತಾರೆ. ಕಣ್ಣು ಬಿಳಿಯಾಯಿತೆಂದು ನಡುವೆ ಬಿಟ್ಟರೆ ಒಳಗಿನ ಊತ ಮರಳುತ್ತದೆ. ಓದುವ ಕನ್ನಡಕ ಗಾಯ ಮಾಗಿದ ಮೇಲೆ, ಸುಮಾರು ಒಂದೂವರೆ ತಿಂಗಳಿಗೆ.

ಒಂದೆರಡು ವರ್ಷ ಚೆನ್ನಾಗಿ ಕಂಡು ಮತ್ತೆ ಮಂಜಾದರೆ “ಪೊರೆ ತಿರುಗಿ ಬಂತು” ಎನ್ನುತ್ತಾರೆ. ತೆಗೆದ ಪೊರೆ ಬರುವುದಿಲ್ಲ. ಉಳಿಸಿದ ಚೀಲದ ಹಿಂಪದರ ಮಸುಕಾಗುತ್ತದೆ. ಯಾಗ್ ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ತೆರೆಯಬಹುದು, ಕತ್ತರಿಸುವುದಿಲ್ಲ, ದಾಖಲಾಗಬೇಕಿಲ್ಲ.

---

ಗ್ಲಾಕೋಮಾ_ಒಪಿಡಿ

ಮೇಲಿನ ಉತ್ತರಗಳಿಗೆ ಒಂದು ಎಚ್ಚರಿಕೆ ಸೇರಿಸಬೇಕು. ಗ್ಲಾಕೋಮಾದವರು ನಿಮ್ಮಲ್ಲಿಗೆ “ಮಂಜು” ಎಂದು ಬರುವುದೇ ಅಪರೂಪ. ನಡು ದೃಷ್ಟಿ ಕೊನೆಯವರೆಗೂ ಉಳಿಯುವುದರಿಂದ ಚಾರ್ಟಿನಲ್ಲಿ 6/6 ಓದಿ ಹೋಗುತ್ತಾರೆ. ಹಾಗಾಗಿ ದೂರಿಗಾಗಿ ಕಾಯದೆ ಹುಡುಕಿ. ಮನೆಯಲ್ಲಿ ಒಬ್ಬರಿಗೆ ಇದೆ ಎಂದರೆ ಒಡಹುಟ್ಟಿದವರು ಮತ್ತು 40 ದಾಟಿದ ಮಕ್ಕಳೆಲ್ಲ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಬೇಕು. ದೊಡ್ಡ ಮೈನಸ್ ನಂಬರಿನವರು, ಕಣ್ಣಿಗೆ ಹಿಂದೆ ಏಟು ಬಿದ್ದವರು, ಸ್ಟೀರಾಯ್ಡ್ ಬಳಸುವವರೂ ಸೇರಿ.

ಪೂರ್ತಿ ಪರೀಕ್ಷೆ ಎಂದರೆ ಬರೀ ಗಾಳಿ ಊದಿ ಕಣ್ಣಿನ ಒತ್ತಡ ಅಳೆಯುವ ಯಂತ್ರ ಅಲ್ಲ. ಸಾಮಾನ್ಯ ಒತ್ತಡ 10ರಿಂದ 21 ಮಿಮೀ ಪಾದರಸ. ಆದರೆ 16 ಇದ್ದೂ ನರ ಸವೆಯುವವರಿದ್ದಾರೆ, ಒತ್ತಡ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ, ಕಾರ್ನಿಯಾ ತೆಳುವಾಗಿದ್ದರೆ ಯಂತ್ರ ಕಡಿಮೆ ತೋರಿಸುತ್ತದೆ. ಒತ್ತಡದ ಜೊತೆಗೆ ನರದ ತುದಿ, ಕನ್ನಡಿ ಲೆನ್ಸಿನಿಂದ ಕಣ್ಣಿನ ಕೋನ (ಒಳಗಿನ ನೀರು ಹೊರಹೋಗುವ ಜಾಗ), ಕಾರ್ನಿಯಾದ ದಪ್ಪ, ಸುತ್ತಲಿನ ನೋಟದ ಕ್ಷೇತ್ರ ಪರೀಕ್ಷೆ ಇಷ್ಟೂ ಆಗಬೇಕು. “ಪ್ರೆಶರ್ ನಾರ್ಮಲ್, ಹೋಗಿ” ಎಂದು ಕಳಿಸಿದ್ದರೆ ಪರೀಕ್ಷೆ ಅರ್ಧ ಆಗಿದೆ ಎಂದರ್ಥ.

ಕೋನ ಕಿರಿದಾಗಿರುವ ಬಗೆಯ ಗ್ಲಾಕೋಮಾ ನಮ್ಮ ದೇಶದಲ್ಲಿ ಕಡಿಮೆಯೇನಲ್ಲ. ಟಾರ್ಚಿನಿಂದ ಅಂದಾಜು ಸಿಗುತ್ತದೆ: ಕಿವಿಯ ಕಡೆಯಿಂದ, ಪಾಪೆಯ ಸುತ್ತಲಿನ ಬಣ್ಣದ ಪರದೆಗೆ ಸಮಾನಾಂತರವಾಗಿ ಬೆಳಕು ಬಿಡಿ. ಮೂಗಿನ ಕಡೆಯ ಪರದೆಯೂ ಬೆಳಗಿದರೆ ಕಾರ್ನಿಯಾ ಮತ್ತು ಪರದೆಯ ನಡುವಿನ ಜಾಗ ಆಳವಾಗಿದೆ. ಅಲ್ಲಿ ನೆರಳು ಬಿದ್ದರೆ ಆಳ ಕಡಿಮೆ. ಇಂಥವರಿಗೆ ನೆಗಡಿಯ ಮಾತ್ರೆ, ಪಾಪೆ ಹಿಗ್ಗಿಸುವ ಡ್ರಾಪ್ಸ್‌ನಿಂದ ಒತ್ತಡ ಒಮ್ಮೆಲೇ ಏರಬಹುದು. ಚೀಟಿಯಲ್ಲಿ ಬರೆದು ಕಳಿಸಿ. ಲೇಸರ್‌ನಿಂದ ಪರದೆಯಲ್ಲಿ ಸಣ್ಣ ತೂತು ಮಾಡಿದರೆ ಅಂಥ ದಾಳಿಯನ್ನು ಬಹುಪಾಲು ತಡೆಯಬಹುದು.

ಡ್ರಾಪ್ಸ್ ಹಾಕುವವರಲ್ಲಿ ನೋಡಬೇಕಾದದ್ದು ಹಾಕುವ ಕೈ. ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆ ಎಳೆದು, ಆ ಗುಂಡಿಗೆ ಒಂದೇ ಹನಿ. ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಎರಡನೇ ಹನಿ ಕೆನ್ನೆಗೆ ಹರಿಯುತ್ತದೆ ಅಷ್ಟೇ, ರೆಪ್ಪೆಯೊಳಗೆ ಅಷ್ಟು ಜಾಗವೇ ಇಲ್ಲ. ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಿಂದ ಅದುಮಿ ಹಿಡಿಯಬೇಕು. ಇಲ್ಲವಾದರೆ ಔಷಧ ಮೂಗಿಗಿಳಿದು ರಕ್ತಕ್ಕೆ ಸೇರುತ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡುವು. ಕೈ ನಡುಗುವವರು ಮಲಗಿ ಹಾಕಿಕೊಳ್ಳಲಿ, ಬಾಟಲಿ ಫ್ರಿಜ್ಜಿನಲ್ಲಿದ್ದರೆ ತಣ್ಣಗಿನ ಹನಿ ಕಣ್ಣಿಗೆ ಬಿದ್ದದ್ದು ಗೊತ್ತಾಗುತ್ತದೆ.

ಸರಿಯಾಗಿ ಹಾಕುತ್ತಿದ್ದಾರೋ ಎಂದು ಬಾಟಲಿಯೇ ಹೇಳುತ್ತದೆ. ಗ್ಲಾಕೋಮಾಕ್ಕೆ ಹಾಕುವ ಲ್ಯಾಟನೋಪ್ರೋಸ್ಟ್ 2.5 ಎಂಎಲ್ ಬಾಟಲಿಯಲ್ಲಿ ಸುಮಾರು 80 ಹನಿ. ಎರಡೂ ಕಣ್ಣಿಗೆ ರಾತ್ರಿ ಒಂದೊಂದು ಹನಿ ಎಂದರೆ ಒಂದು ತಿಂಗಳಿಗಿಂತ ತುಸು ಹೆಚ್ಚು ಬರಬೇಕು. ಹದಿನೈದು ದಿನಕ್ಕೇ ಮುಗಿದರೆ ಕೆನ್ನೆಗೆ ಹೋಗುತ್ತಿದೆ. ಮೂರು ತಿಂಗಳಾದರೂ ಉಳಿದಿದ್ದರೆ ಹಾಕುತ್ತಿಲ್ಲ.

ಡ್ರಾಪ್ಸ್ ದೃಷ್ಟಿ ಹೆಚ್ಚಿಸುವುದಿಲ್ಲ ಎಂದು ಮೊದಲ ದಿನವೇ ಹೇಳಿ. “ಹಾಕಿದರೂ ಏನೂ ವಾಸಿಯಾಗಲಿಲ್ಲ” ಎಂದು ಬಿಡುವವರೇ ಜಾಸ್ತಿ. ಅದರ ಕೆಲಸ ಉಳಿದದ್ದನ್ನು ಕಾಯುವುದು.

---

ಮೆಡಿಕಲ್‌ಶಾಪ್_ಫಾರ್ಮಸಿಸ್ಟ್

ಕೌಂಟರಿನ ಕಡೆಯಿಂದ ನಾಲ್ಕು ಮಾತು.

ಟಿಮೊಲೋಲ್ ಇರುವ ಡ್ರಾಪ್ಸ್ ಉಬ್ಬಸ ಇರುವವರಿಗೆ, ನಾಡಿ ಬಹಳ ನಿಧಾನ ಇರುವವರಿಗೆ ಆಗದು. ಕಣ್ಣಿಗೆ ತಾನೇ ಎಂದು ಯಾರೂ ಹೇಳಿರುವುದಿಲ್ಲ. ಗ್ಲಾಕೋಮಾ ಡ್ರಾಪ್ಸ್ ಶುರುವಾದಮೇಲೆ ದಮ್ಮು ಹೆಚ್ಚಾಯಿತು, ತಲೆ ತಿರುಗಿತು ಎಂದರೆ ಬಾಟಲಿಯ ಮೇಲಿನ ಹೆಸರು ನೋಡಿ. ಎರಡು ಔಷಧ ಸೇರಿಸಿದ ಬಾಟಲಿಗಳಲ್ಲಿ ಎರಡನೆಯದು ಹೆಚ್ಚಾಗಿ ಟಿಮೊಲೋಲ್.

ಸಾಮಾನ್ಯ ಲ್ಯಾಟನೋಪ್ರೋಸ್ಟನ್ನು ತೆರೆಯುವ ತನಕ 2ರಿಂದ 8 ಡಿಗ್ರಿಯಲ್ಲಿಡಬೇಕು. ಫ್ರಿಜ್ ಬೇಡದ ಬಗೆಯೂ ಸಿಗುತ್ತದೆ, ಹಳ್ಳಿಗೆ ಅದನ್ನೇ ಕೇಳಿ ಬರೆಸಿಕೊಳ್ಳಿ. ಯಾವುದೇ ಆದರೂ ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆದು, ಲೇಬಲ್ಲಿನಲ್ಲಿ ಹೇಳಿದಷ್ಟು ದಿನಕ್ಕೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ, ಬಿಸಾಡಬೇಕು.

ಹಳೇ ಚೀಟಿ ತಂದು “ಕಣ್ಣು ಕೆಂಪಾಗಿತ್ತು, ಇದೇ ಕೊಡಿ” ಎನ್ನುವವರಿಗೆ ಸಿಗುವುದು ಹೆಚ್ಚಿನ ಸಲ ಆಂಟಿಬಯಾಟಿಕ್ ಜೊತೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಬೆರೆತದ್ದು. ತಕ್ಷಣ ತಂಪು, ತಿಂಗಳುಗಟ್ಟಲೆ ಹಾಕಿದರೆ ಒತ್ತಡ ಏರಿ ನರ ಸವೆಯುತ್ತದೆ, ಪೊರೆಯೂ ಬರುತ್ತದೆ. ಶಿಲೀಂಧ್ರದ ಹುಣ್ಣಿಗೆ ಹಾಕಿದರಂತೂ ಬೆಂಕಿಗೆ ತುಪ್ಪ.

---

ರೆಟಿನಾ_ಫೆಲೋ

ಶುಗರ್ ವಿಷಯ. ದೊಡ್ಡವರಲ್ಲಿ ಕಾಣುವ ಎರಡನೇ ಬಗೆಯ ಸಕ್ಕರೆ ಕಾಯಿಲೆ ಗೊತ್ತಾದ ದಿನವೇ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಅದು ಮೈಯಲ್ಲಿದ್ದು ವರ್ಷಗಳೇ ಆಗಿರುತ್ತವೆ. “ಕಣ್ಣು ಚೆನ್ನಾಗೇ ಕಾಣುತ್ತಿದೆಯಲ್ಲ” ಎನ್ನುವುದು ಇಲ್ಲಿ ಏನೂ ಲೆಕ್ಕವಲ್ಲ. ರಕ್ತನಾಳದಿಂದ ದ್ರವ ಸೋರಿ ನಡುಭಾಗ ಊದುವವರೆಗೆ ಅಥವಾ ಹೊಸ ನಾಳ ಒಡೆದು ಒಳಗೆ ರಕ್ತ ತುಂಬುವವರೆಗೆ ದೃಷ್ಟಿ 6/6 ಇರಬಹುದು. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) ಜೊತೆಗೆ ಬಿಪಿ, ಮೂತ್ರದಲ್ಲಿ ಪ್ರೋಟೀನ್ ಕೂಡ ನೋಡಿ. ಮೂತ್ರಪಿಂಡ ಸೋರುತ್ತಿರುವವರ ರೆಟಿನಾವೂ ಸಾಮಾನ್ಯವಾಗಿ ನೆಟ್ಟಗಿರುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ದುಡ್ಡು ಉಳಿಸುವಂಥದು. ಶುಗರ್ 300ರಿಂದ 150ಕ್ಕೆ ಇಳಿಯುವ ವಾರಗಳಲ್ಲಿ ಲೆನ್ಸ್ ನೀರು ಹೀರಿ ಬಿಡುವುದರಿಂದ ಕನ್ನಡಕದ ನಂಬರು ಅತ್ತಿತ್ತ ಆಗುತ್ತದೆ. ಶುಗರ್ ಕೆಲವು ವಾರ ಒಂದೇ ಮಟ್ಟದಲ್ಲಿ ನಿಂತಮೇಲೆ ಕನ್ನಡಕ ಮಾಡಿಸಲಿ.

ಪೊರೆ ಮತ್ತು ಶುಗರ್‌ನಿಂದ ಕೆಟ್ಟ ರೆಟಿನಾ ಎರಡೂ ಇದ್ದರೆ, ರೆಟಿನಾ ಕಾಣುವಷ್ಟು ಪೊರೆ ತೆಳುವಾಗಿದ್ದಾಗ ಮೊದಲು ರೆಟಿನಾವನ್ನು ಹದಕ್ಕೆ ತರುವುದು ಒಳ್ಳೆಯದು. ಪೊರೆ ಆಪರೇಷನ್ ನಂತರ ನಡುಭಾಗದ ಊತ ಹೆಚ್ಚಾಗಬಹುದು. ನಿಮ್ಮ ಊರಿನ “ಮಾಡಿಸಿದರೂ ಕಾಣಲಿಲ್ಲ” ಪಟ್ಟಿಯಲ್ಲಿ ಇವರೂ ಇರುತ್ತಾರೆ.

ವಯಸ್ಸಿಗೆ ಬರುವ ಮ್ಯಾಕ್ಯುಲಾ ಸವೆತದಲ್ಲಿ ಒಣ ಬಗೆ ನಿಧಾನ, ಒದ್ದೆ ಬಗೆ ವಾರಗಳಲ್ಲಿ ಓದುವ ದೃಷ್ಟಿ ತಿನ್ನುತ್ತದೆ. ಗುರುತಿಸಲು ಚೌಕುಳಿ ಹಾಳೆ ಇಲ್ಲದಿದ್ದರೂ ಪರವಾಗಿಲ್ಲ, ಗೋಡೆಯ ಟೈಲ್ಸ್, ಕಿಟಕಿಯ ಸರಳು ಸಾಕು. ಓದುವ ಕನ್ನಡಕವಿದ್ದರೆ ಅದನ್ನು ಹಾಕಿಸಿ, ಗೆರೆ ಇರುವ ಬರೆಹಾಳೆಯನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿಸಬಹುದು. ಒಂದು ಕಣ್ಣು ಮುಚ್ಚಿ, ನಡುವೆ ದೃಷ್ಟಿ ನೆಟ್ಟು ನೋಡಿದಾಗ ಗೆರೆ ಬಾಗಿದೆಯೇ, ನಡುವೆ ಕಲೆ ಇದೆಯೇ? ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ತಪ್ಪನ್ನು ಮುಚ್ಚಿಬಿಡುತ್ತದೆ. ಹೊಸದಾಗಿ ಬಾಗಿದರೆ ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಬೇಕು. ಒದ್ದೆ ಎಂದು ಖಚಿತವಾದರೆ ಕಣ್ಣೊಳಗೆ ಇಂಜೆಕ್ಷನ್: ಬೆವಸಿಜುಮ್ಯಾಬ್, ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್ ಇವುಗಳಲ್ಲಿ ಒಂದು. ಸಾಮಾನ್ಯವಾಗಿ ಮೊದಲ ಮೂರು ಇಂಜೆಕ್ಷನ್ ತಿಂಗಳಿಗೊಂದರಂತೆ, ಆಮೇಲೆ ಸ್ಕ್ಯಾನ್ ನೋಡಿ ಅಂತರ ಹೆಚ್ಚಿಸುತ್ತಾರೆ. ಒಂದೇ ಇಂಜೆಕ್ಷನ್ನಿಗೆ ಮುಗಿಯಿತೆಂದು ಬಿಟ್ಟರೆ ಮತ್ತೆ ಸೋರುತ್ತದೆ. ಬೆಲೆಯಲ್ಲಿ ಬಹಳ ವ್ಯತ್ಯಾಸವಿದೆ, ಕಡಿಮೆ ಬೆಲೆಯದೆಂದು ಬೆವಸಿಜುಮ್ಯಾಬನ್ನು ಹಗುರವಾಗಿ ಕಾಣಬೇಕಿಲ್ಲ. ಅದನ್ನು ದೊಡ್ಡ ಬಾಟಲಿಯಿಂದ ಸಣ್ಣ ಸಿರಿಂಜುಗಳಿಗೆ ಶುದ್ಧವಾಗಿ ಹಂಚಿದ್ದಾರೆಯೇ ಎಂಬುದೇ ಮುಖ್ಯ.

“ಕಣ್ಣಿನ ವಿಟಮಿನ್” ಮಾತ್ರೆ: ಲ್ಯೂಟಿನ್ 10 ಮಿಗ್ರಾಂ, ಜಿಯಾಕ್ಸಾಂಥಿನ್ 2 ಮಿಗ್ರಾಂ, ವಿಟಮಿನ್ ಸಿ 500 ಮಿಗ್ರಾಂ, ವಿಟಮಿನ್ ಇ 400 ಯೂನಿಟ್, ಸತು, ತಾಮ್ರ ಸೇರಿದ ಸೂತ್ರ ಮಧ್ಯಮ ಹಂತದ ಒಣ ಸವೆತ ಇರುವವರಲ್ಲಿ ಮುಂದುವರಿಕೆಯನ್ನು ನಿಧಾನಿಸುತ್ತದೆ. ಸವೆತ ಇಲ್ಲದವರಿಗೆ ತಡೆಯಾಗದು, ಪೊರೆಗೆ ಏನೂ ಮಾಡದು. ಬೀಡಿ ಸಿಗರೇಟು ಸೇದುವವರು ಬೀಟಾ ಕ್ಯಾರೊಟಿನ್ ಇರುವ ಹಳೇ ಸೂತ್ರ ತೆಗೆದುಕೊಳ್ಳಬಾರದು. ಅವರು ಬೀಡಿ ಬಿಟ್ಟರೆ ಮಾತ್ರೆಗಿಂತ ಹೆಚ್ಚು ಲಾಭ.

ಔಷಧದಿಂದ ಬರುವ ನಷ್ಟವೂ ಮರೆಯಬಾರದು. ಟಿಬಿಗೆ ಎಥಾಂಬುಟಾಲ್ ತೆಗೆದುಕೊಳ್ಳುತ್ತಿರುವವರು ಎರಡೂ ಕಣ್ಣು ಮಂಜು, ಕೆಂಪು-ಹಸಿರು ಗೊತ್ತಾಗುತ್ತಿಲ್ಲ ಎಂದರೆ ಅದೇ ದಿನ ಟಿಬಿ ವೈದ್ಯರಿಗೆ ತಿಳಿಸಿ. ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುವವರಲ್ಲಿ ದಿನದ ಪ್ರಮಾಣ ಕೆಜಿ ತೂಕಕ್ಕೆ 5 ಮಿಗ್ರಾಂ ದಾಟಬಾರದು. 40 ಕೆಜಿಯ ಅಜ್ಜಿಗೆ 400 ಮಿಗ್ರಾಂ ಎಂದರೆ ಎರಡು ಪಟ್ಟು.

---

ಉಪಕೇಂದ್ರ_ಸಿಎಚ್‌ಒ

ಎಲ್ಲರಿಗೂ ಧನ್ಯವಾದ. ಇನ್ನೊಂದು ವಿಷಯ. ಎರಡೂ ಕಣ್ಣಿನ ದೃಷ್ಟಿ ತೀರಾ ಕಡಿಮೆಯಾದ ಕೆಲವು ಹಿರಿಯರು ಗೋಡೆಯ ಹತ್ತಿರ ಮಕ್ಕಳು ನಿಂತಂತೆ, ಹೂವಿನ ಬಳ್ಳಿ ಹರಡಿದಂತೆ ಕಾಣುತ್ತದೆ ಎನ್ನುತ್ತಾರೆ. ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಇದು ಮರೆವಿನ ಕಾಯಿಲೆಯೇ?

---

ಕಡಿಮೆದೃಷ್ಟಿ_ಕ್ಲಿನಿಕ್

ಬಹುಪಾಲು ಅಲ್ಲ. ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಎನ್ನುತ್ತಾರೆ. ಕಣ್ಣಿನಿಂದ ಚಿತ್ರ ಬರುವುದು ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಹುಟ್ಟಿಸುತ್ತದೆ. ಗುರುತು: ಕಾಣುತ್ತದೆ, ಆದರೆ ಮಾತಾಡುವುದಿಲ್ಲ, ವಾಸನೆ ಇಲ್ಲ. ಅದು ನಿಜವಲ್ಲ ಎಂದು ಅವರಿಗೂ ಗೊತ್ತಿರುತ್ತದೆ ಅಥವಾ ಹೇಳಿದರೆ ಒಪ್ಪುತ್ತಾರೆ. ದೀಪ ಹಾಕುವುದು, ಕಣ್ಣನ್ನು ಎಡಕ್ಕೂ ಬಲಕ್ಕೂ ಬೇಗ ಬೇಗ ಹೊರಳಿಸುವುದು, ಜಾಗ ಬದಲಿಸುವುದರಿಂದ ಅನೇಕರಿಗೆ ಮಾಯವಾಗುತ್ತದೆ. ಧ್ವನಿಯೂ ಕೇಳುತ್ತದೆ, ಅನುಮಾನ, ದಿಕ್ಕು ತಪ್ಪುವುದು, ಜ್ವರ, ಹೊಸ ಮಾತ್ರೆ ಇವು ಇದ್ದರೆ ಮಾತ್ರ ಬೇರೆ ಕಾರಣ ಹುಡುಕಬೇಕು. ಹುಚ್ಚು ಎನ್ನುತ್ತಾರೆಂಬ ಭಯಕ್ಕೆ ಹೆಚ್ಚಿನವರು ಹೇಳುವುದೇ ಇಲ್ಲ, ನೀವೇ ಕೇಳಿ.

“ಇನ್ನೇನೂ ಮಾಡಲಾಗದು” ಎಂದು ಕಳಿಸಿದವರಿಗೂ ಮಾಡುವುದು ಬಹಳ ಇದೆ. 60ರ ಕಣ್ಣಿನ ರೆಟಿನಾಕ್ಕೆ ತಲುಪುವ ಬೆಳಕು 20ರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು. ಹಾಗಾಗಿ ಚಾವಣಿಯ ಒಂದೇ ಬಲ್ಬಿನ ಬದಲು ಓದುವ, ತರಕಾರಿ ಹೆಚ್ಚುವ ಜಾಗಕ್ಕೆ ಹತ್ತಿರದಲ್ಲಿ, ಕಣ್ಣಿಗೆ ಹೊಡೆಯದಂತೆ ಪಕ್ಕದಿಂದ ಬೆಳಕು ಬರಲಿ. ಮೆಟ್ಟಿಲ ಅಂಚಿಗೆ, ಬಚ್ಚಲ ಹೊಸ್ತಿಲಿಗೆ ಹಳದಿ ಬಣ್ಣದ ಪಟ್ಟಿ. ಬಿಳಿ ಅನ್ನಕ್ಕೆ ಸ್ಟೀಲ್ ತಟ್ಟೆ ಬೇಡ, ಗಾಢ ಬಣ್ಣದ ತಟ್ಟೆ. ಬೈಫೋಕಲ್ ಹಾಕಿ ಮೆಟ್ಟಿಲು ಇಳಿಯುವಾಗ ಕೆಳಗಿನ ಗಾಜಿನಿಂದ ಹೆಜ್ಜೆ ಮಸುಕಾಗುತ್ತದೆ, ಗದ್ದ ಬಗ್ಗಿಸಿ ಮೇಲಿನ ಗಾಜಿನಿಂದ ನೋಡಬೇಕು ಅಥವಾ ನಡೆಯಲು ದೂರದ ಕನ್ನಡಕ ಬೇರೆ ಇಟ್ಟುಕೊಳ್ಳಬೇಕು. ದೃಷ್ಟಿ ಅಂಗವಿಕಲತೆ ಶೇ 40 ಮತ್ತು ಹೆಚ್ಚಿದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ.

---

ನೇತ್ರಾಧಿಕಾರಿ_ತಾಲ್ಲೂಕು

ಮೇಡಂ, ಕೊನೆಗೆ ಚೀಟಿ. “ಪೊರೆ, ಪರೀಕ್ಷಿಸಿ” ಎಂದಷ್ಟೇ ಬರೆದರೆ ಶಿಬಿರದ ನೂಕುನುಗ್ಗಲಲ್ಲಿ ಅದೇ ಅಂತಿಮವಾಗಿಬಿಡುತ್ತದೆ. ಹೀಗೆ ಬರೆಯಿರಿ:

“ಬಲ 6/60, ಪಿನ್‌ಹೋಲ್ 6/60, ಪಾಪೆ ಕಪ್ಪು, ಟಾರ್ಚಿಗೆ ಹಿಗ್ಗುತ್ತದೆ. ಎಡ 6/24, ಪಿನ್‌ಹೋಲ್ 6/9, ಪಾಪೆ ಸ್ವಲ್ಪ ಬೂದು. ಶುಗರ್ 12 ವರ್ಷ, ಇವತ್ತು 240. ಟ್ಯಾಮ್ಸುಲೋಸಿನ್ ಇದೆ. ಅಣ್ಣನಿಗೆ ಗ್ಲಾಕೋಮಾ. ಬಲಗಣ್ಣು ನರ ಅಥವಾ ರೆಟಿನಾ ನೋಡಿ.”

ಇಷ್ಟು ಓದಿದ ವೈದ್ಯರು ಬಲಗಣ್ಣಿನ ಪೊರೆಗೆ ನೇರ ದಿನಾಂಕ ಕೊಡುವುದಿಲ್ಲ. ಹಳೇ ಕನ್ನಡಕ, ಡ್ರಾಪ್ಸ್ ಬಾಟಲಿ, ಮಾತ್ರೆಯ ಪಟ್ಟಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಕಳಿಸಿ. ಪಾಪೆ ಹಿಗ್ಗಿಸಿದರೆ ನಾಲ್ಕರಿಂದ ಆರು ಗಂಟೆ ಹತ್ತಿರದ್ದು ಮಂಜು, ಬಿಸಿಲು ಚುಚ್ಚುತ್ತದೆ. ಬೈಕಿನಲ್ಲಿ ಒಬ್ಬರೇ ಹೋಗಬಾರದು, ಜೊತೆಗೊಬ್ಬರು ಇರಲಿ.

ರಾಜ್ಯ ಸರ್ಕಾರದ ಕಣ್ಣಿನ ಆರೋಗ್ಯದ ಆಶಾಕಿರಣ ಯೋಜನೆಯಲ್ಲಿ ತಪಾಸಣೆ, ಕನ್ನಡಕ ಉಚಿತ. ಆ ಪಟ್ಟಿಯಲ್ಲಿ ಕನ್ನಡಕ ಸಿಕ್ಕವರನ್ನು ಒಂದು ತಿಂಗಳ ನಂತರ ಮತ್ತೆ ಚಾರ್ಟಿನ ಮುಂದೆ ನಿಲ್ಲಿಸಿ. ಹೊಸ ಕನ್ನಡಕದಲ್ಲೂ 6/18 ತಲುಪದವರ ಹೆಸರನ್ನು ಬೇರೆ ಬರೆದಿಟ್ಟರೆ, ನಾನು ಬಂದ ದಿನ ಮೊದಲು ಅವರನ್ನೇ ನೋಡುತ್ತೇನೆ.